ಪಾರಚಾದ ಇನ್ನೊಂದು ತುದಿ

ರಹಿಮಾಬಿಯ ಬಾಯಲ್ಲಿ ಒಂದೇ ಶಬ್ದ ಉಳಿದಿತ್ತು. ಪಾರ್ಶ್ವವಾಯು ಬಡಿದ ಮುಂಜಾವು ಅವಳ ಬಲಗೈ ಬಲಗಾಲುಗಳ ಜೊತೆಗೆ ಅರವತ್ತೆಂಟು ವರ್ಷ ಕೂಡಿಟ್ಟ ಮಾತನ್ನೂ ಹೊತ್ತುಕೊಂಡು ಹೋಗಿತ್ತು. ಗಂಡನನ್ನು ಕರೆಯುವ 'ಏನ್ರಿ' ಹೋಗಿತ್ತು. ಮಗನ ಹೆಸರು, ನೀರು, ದೀಪ, ನೋವು, ಎಲ್ಲ ಹೋಗಿದ್ದವು. ಬೇಡ ಎಂಬುದೂ ಹೋಗಿದ್ದರಿಂದ, ಬೇಡವೆನಿಸಿದಾಗ ಅವಳು ಮುಖವನ್ನು ಗೋಡೆಯತ್ತ ಹೊರಳಿಸುತ್ತಿದ್ದಳು. ನೆರೆ ಇಳಿದ ಮೇಲೆ ಹೊಳೆಯ ನಡುವೆ ಒಂಟಿ ಬಂಡೆ ಕಾಣಿಸಿಕೊಳ್ಳುವಂತೆ ಉಳಿದದ್ದು 'ಪಾರಚಾ'.

ಊಟದ ತಟ್ಟೆ ಕಂಡಾಗಲೆಲ್ಲ ಅವಳು ಅದನ್ನೇ ಹೇಳುತ್ತಿದ್ದಳು. ಸೊಸೆ ಕೈನಾತ ಗಂಜಿಯ ಚಮಚ ತಂದರೆ, "ಪಾರಚಾ." ಮಗ ಅಶ್ಫಾಕ ಹಣ್ಣಿನ ರಸ ತಂದರೆ, "ಪಾರಚಾ." ಆಮೇಲೆ ತುಟಿ ಬಿಗಿದು ಗೋಡೆ. ಆರೋಗ್ಯವಾಗಿದ್ದ ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ; ಚಾದರದ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು.

"ಗಂಟಲಿಗೆ ಏನೂ ಆಗಿಲ್ಲ," ಎಂದಿದ್ದರು ಮನೆಗೆ ಬಂದು ನೋಡಿದ ಡಾಕ್ಟರು. "ನುಂಗಬಲ್ಲರು, ನುಂಗುತ್ತಿಲ್ಲ ಅಷ್ಟೆ. ಶುಕ್ರವಾರ ಮುಂಜಾನೆವರೆಗೆ ನೋಡೋಣ. ಅಷ್ಟರಲ್ಲಿ ತಿನ್ನದಿದ್ದರೆ ಮೂಗಿನಿಂದ ನಳಿಕೆ ಇಳಿಸಲೇಬೇಕು."

ನಳಿಕೆ ಎಂದರೇನೆಂದು ಅವಳ ಗಂಡ ಅಬ್ದುಲಸಮದನಿಗೆ ಗೊತ್ತಿತ್ತು. ಅವನ ಅಣ್ಣನಿಗೂ ಹಾಗೆಯೇ ಇಳಿಸಿದ್ದರು. ಕಿತ್ತೆಸೆಯಬಾರದೆಂದು ಅಣ್ಣನ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. ಮಣ್ಣಿಗೆ ಒಯ್ಯುವ ದಿನದವರೆಗೂ ಆ ಗಂಟು ಬಿಚ್ಚಿರಲಿಲ್ಲ. ರಹಿಮಾಬಿಗೆ ಉಳಿದಿರುವುದು ಒಂದೇ ಕೈ. ಅದನ್ನೂ ಕಟ್ಟುವುದೆಂಬ ಯೋಚನೆ ಬಂದದ್ದೇ ಅಬ್ದುಲಸಮದನಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಎದ್ದ, ಕೂತ, ಜೋರಾಪುರ ಪೇಠೆಯ ಓಣಿಯ ತುದಿಯವರೆಗೆ ಹೋಗಿ ಯಾಕೆ ಬಂದೆನೆಂದು ಮರೆತು ಹಿಂದಿರುಗಿದ. ಚಪ್ಪಲಿ ಬಿಟ್ಟ, ಮತ್ತೆ ಮೆಟ್ಟಿದ.

ಪಾರಚಾ ಎಂಬ ಶಬ್ದ ಅವನಿಗೆ ಹೊಸದಲ್ಲ. ನಲವತ್ತು ವರ್ಷ ಗಾಂಧಿ ಚೌಕದ ಬಳಿಯ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ, ಅಳೆದು, ಹರಿದು ಕೊಟ್ಟ ಕೈ ಅವನದು. ಆ ಅಂಗಡಿಯ ಮುದುಕ ಮುನ್ಷಿ ಪಾರಸಿ ಬಲ್ಲವನಾಗಿದ್ದ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನೇ ಹೇಳಿದ್ದ: ಪಾರಾ ಅಂದರೆ ತುಂಡು, ಪಾರಚಾ ಅಂದರೆ ಸಣ್ಣ ತುಂಡು, ಆಮೇಲೆ ಬಟ್ಟೆ, ಬಟ್ಟೆಯ ಹಾಗೆ ತೆಳ್ಳಗೆ ಹಾಸಿಕೊಳ್ಳುವಂತೆ ಕೊಯ್ದ ಮಾಂಸಕ್ಕೂ ಅಡುಗೆಮನೆಯವರು ಅದೇ ಹೆಸರಿಟ್ಟರು. ಅಬ್ದುಲಸಮದನಿಗೆ ಆ ವಿವರಣೆ ಎಷ್ಟು ಹಿಡಿಸಿತ್ತೆಂದರೆ, ಮದುವೆಯಾದ ಹೊಸತರಲ್ಲಿ ಹೆಂಡತಿಗೂ ಹೇಳಿದ್ದ. ಅವಳು ನಕ್ಕಿದ್ದಳು, ಏನೋ ಹೇಳಹೊರಟು ಒಲೆಯ ಮೇಲಿನ ಹಾಲು ಉಕ್ಕಿದ್ದರಿಂದ ಎದ್ದುಹೋಗಿದ್ದಳು. ಅವರ ಮನೆಯಲ್ಲಿ ಮಾತ್ರ ಪಾರಚಾ ಎಂದೂ ಆಗಿರಲಿಲ್ಲ. ಯಾಕೆ ಎಂದು ಕೇಳುವ ಪ್ರಸಂಗವೂ ಬಂದಿರಲಿಲ್ಲ.

ಬುಧವಾರ ಅವನು ಊರಿನ ಹೆಸರಾದ ಖಾನಾವಳಿಯೊಂದರಿಂದ ಪಾರಚಾ ಕಟ್ಟಿಸಿಕೊಂಡು ಬಂದ. ಕಲ್ಲಿನಿಂದ ಬಡಿದು ಚಪ್ಪಟೆ ಮಾಡಿದ, ಕೆಂಪು ಮಸಾಲೆಯಲ್ಲಿ ಮುಳುಗಿದ ತುಂಡುಗಳು. ಬೆರಳಿನಲ್ಲಿ ಮೆತ್ತಗೆ ಹಿಚುಕಿ ಅವಳ ತುಟಿಗೆ ತಂದ.

"ನೋಡು, ಪಾರಚಾ ತಂದೇನಿ. ನೀ ಕೇಳಿದ್ದು."

ರಹಿಮಾಬಿ ಅವನ ಕೈ ನೋಡಿದಳು, ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು. ತಪ್ಪು ಬಣ್ಣದ ಸೀರೆ ಬಿಚ್ಚಿ ತೋರಿಸಿದಾಗ ಗಿರಾಕಿಯ ಮುಖದಲ್ಲಿ ಮೂಡುವಂಥದು. ಗೋಡೆಯತ್ತ ಹೊರಳಿದಳು.

"ಅಬ್ಬಾ, ಅಕಿ ತಿಳದ ಅನ್ನಾಕತ್ತಾಳು ಅಂತ ತಿಳಕೊಂಡೀರಿ ನೀವು," ಎಂದ ಅಶ್ಫಾಕ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವನಿಗೆ ರೋಗಗಳ ಹೆಸರು ಗೊತ್ತಿತ್ತು. "ಮೆದುಳಿಗೆ ಪೆಟ್ಟು ಬಿದ್ರ ಒಂದೊಂದು ಶಬ್ದ ಹಂಗ ಸಿಕ್ಕೊಂಡು ಬಿಡ್ತೈತಿ. ಅದಕ್ಕ ಅರ್ಥ ಇರಂಗಿಲ್ಲ."

"ಅರ್ಥ ಇಲ್ಲದ್ದು ನಿಮ್ಮವ್ವ ಯಾವಾಗರೆ ಮಾತಾಡ್ಯಾಳೇನು?"

ಅಶ್ಫಾಕ ಪಾರಚಾದ ಪೊಟ್ಟಣ ಎತ್ತಿಕೊಂಡು ಅಡುಗೆಮನೆಗೆ ಹೋದ.

ಗುರುವಾರ ಬೆಳಗಾದದ್ದೇ ಅಬ್ದುಲಸಮದ ಖಾಲಿ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೊರಟ. ತಿಕೋಟಾದಲ್ಲಿ ಅಯೂಬ ಎಂಬ ಮದುವೆ ಅಡುಗೆಯವನಿದ್ದ. ಪಾರಚಾ ಮಾಡುವುದರಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಅವನದೇ ಹೆಸರು. ಹೆಂಗಸರಿಗೆ ಪುಕ್ಕಟೆಯಾದ ಅಥಣಿ ರಸ್ತೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊನವಾಡಕ್ಕೆ ಹೊರಟ ಸೋನಾಬಾಯಿ ಎಂಬ ದಪ್ಪ ಹೆಂಗಸು ತನ್ನ ಗಂಟನ್ನು ಮಡಿಲಿಗೆಳೆದುಕೊಂಡು ಅವನಿಗೆ ಅರ್ಧ ಸೀಟು ಬಿಟ್ಟಳು.

"ಕುಂದರ್ರಿ ಯಪ್ಪಾ. ಗಂಡಸಾಗಿ ಹುಟ್ಟಿದ ತಪ್ಪಿಗೆ ನೀವೊಬ್ಬರ ತಿಕೀಟ ತಗಸೀರಿ ಈ ಬಸ್ಸಿನ್ಯಾಗ. ಅರ್ಧಾ ಸೀಟರ ಸಿಗಲಿ ನಿಮಗ."

ಸುತ್ತಲಿನ ಹೆಂಗಸರು ನಕ್ಕರು. ಅಬ್ದುಲಸಮದ ಕೂತ. ಮರುಗಳಿಗೆಗೇ ಎದ್ದು ಕಿಟಕಿಯಿಂದ ನೋಡಿದ, ಮತ್ತೆ ಕೂತ.

"ಯಾಕ್ರಿ, ಇರವಿ ಮ್ಯಾಲ ಕುಂತಂಗ ಮಾಡಾಕತ್ತೀರಿ?"

"ಹೇಣ್ತಿ ನಾಕ ದಿನದಿಂದ ಉಣವಲ್ಲಳು."

"ನೀವ ಏನರೆ ಅಂದಿರಬೇಕು."

"ಏನೂ ಅಂದಿಲ್ಲವ್ವ."

"ಅದಕ್ಕ ಸಿಟ್ಟು ಬಂದಿರಬೇಕು," ಎಂದಳು ಸೋನಾಬಾಯಿ, ಮತ್ತೆ ಬಸ್ಸೆಲ್ಲ ನಕ್ಕಿತು. ಅಬ್ದುಲಸಮದನಿಗೂ ಅಷ್ಟು ದಿನಗಳ ಮೇಲೆ ಮೊದಲ ಸಲ ನಗು ಬಂತು. 

ತಿಕೋಟಾದ ಹೊರಗೆ ಒಣದ್ರಾಕ್ಷಿಯ ಶೆಡ್ಡುಗಳು ಹಸಿರು ಬಲೆಗಳನ್ನು ಇಳಿಬಿಟ್ಟುಕೊಂಡು ನಿಂತಿದ್ದವು. ಗಾಳಿಯಲ್ಲಿ ಸಿಹಿ ಹುಳಿ ವಾಸನೆ. ಅಯೂಬ ಮನೆಯ ಮುಂದೆ ಹಂಡೆ ತಿಕ್ಕಿಸುತ್ತಿದ್ದ. ವಿಷಯ ಕೇಳಿ ಎದೆ ಉಬ್ಬಿಸಿದ.

"ಪಾರಚಾ ಅಂದ್ರ ಏನಂತ ತಿಳದೀರಿ ಚಾಚಾ? ಆದಿಲಶಾಹಿ ಫೌಜಿನ ಊಟ ಅದು. ಸಿಪಾಯಿಗೋಳು ಹಸಿ ಖಂಡ ಕುದರಿ ಜೀನಿನ ಕೆಳಗ ಇಟ್ಟು ಕುಂದರ್ತಿದ್ದರು. ಸೊಲ್ಲಾಪುರ ಮುಟ್ಟೂದ್ರಾಗ ತಾನ ತೆಳ್ಳಗಾಗಿ, ಬೆಂದು, ಉಪ್ಪು ಸೈತ ಹತ್ತಿರತಿತ್ತು."

"ಕುದರಿ ಬೆವರಿನ ಉಪ್ಪೇನು?"

"ನಗಬ್ಯಾಡ್ರಿ. ನಮ್ಮಜ್ಜ ಹೇಳ್ಯಾನ."

"ನಿಮ್ಮಜ್ಜ ಕುದರಿ ಮ್ಯಾಲ ಕುಂತಿದ್ನೋ, ಕೆಳಗೋ?"

ಅಯೂಬ ಜೋರಾಗಿ ನಕ್ಕು, ಒಳಗಿನಿಂದ ನಿನ್ನೆಯ ವಲೀಮಾ ಔತಣದ ಪಾರಚಾ ತಂದು ಡಬ್ಬಿ ತುಂಬಿದ. ಒಳ್ಳೆಯ ಪಾರಚಾ. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳುವಾದ, ಅಂಗೈಯಗಲದ ತುಂಡುಗಳು. ಆದರೆ ಡಬ್ಬಿಯ ಮುಚ್ಚಳ ಹಾಕುವಾಗ ಅಬ್ದುಲಸಮದನ ಕೈ ತಡೆಯಿತು. ಖಾನಾವಳಿಯದೂ ಪಾರಚಾವೇ, ಇದೂ ಪಾರಚಾವೇ. ಇದನ್ನೂ ಒಯ್ದು ತುಟಿಗೆ ಹಿಡಿದರೆ ಅವಳು ಮತ್ತೆ ಅದೇ ನೋಟ ನೋಡಿ ಗೋಡೆಯತ್ತ ಹೊರಳಿದರೆ? ಅಲ್ಲಿಗೆ ಗುರುವಾರ ಮುಗಿಯುತ್ತದೆ.

"ನಿಮ್ಮ ಮನ್ಯಾಗಿನವ್ರು ಬಬಲೇಶ್ವರದವ್ರಲ್ಲ?" ಎಂದ ಅಯೂಬ. "ಒಂದೊಂದು ಊರಿನ ಕೈ ಒಂದೊಂದು ನಮೂನಿ ಇರ್ತೈತ್ರಿ. ಅವರ ತವರಮನ್ಯಾಗ ಹ್ಯಾಂಗ ಮಾಡ್ತಿದ್ದರೋ ಕೇಳಿ ನೋಡ್ರಿ."

ಅಬ್ದುಲಸಮದ ಮನೆಗೆ ಹೋಗುವ ಬಸ್ಸು ಬಿಟ್ಟು, ಬಬಲೇಶ್ವರದ ಕಡೆ ಹೊರಟ ಟೆಂಪೊ ಹತ್ತಿದ. ಬಿಸಿಲು ಏರಿತ್ತು. ಕಪ್ಪು ನೆಲ, ಕೊಯ್ಲಾದ ಜೋಳದ ಕೂಳೆ, ನಡುನಡುವೆ ದ್ರಾಕ್ಷಿಯ ಹಸಿರು ಪಟ್ಟಿ. ಸಾಮಾನು ಇಳಿಸಲು ಟೆಂಪೊ ನಿಂತಾಗಲೆಲ್ಲ ಅವನು ಚಾಲಕನ ಬೆನ್ನನ್ನು ದಿಟ್ಟಿಸಿದ. ಕಾಲ ಎಂಬುದು ಅಂಗಡಿಯ ಥಾನಿನಂತೆ ಒಂದೇ ಸಮನೆ ಬಿಚ್ಚಿಕೊಳ್ಳುತ್ತಿರುವಂತೆಯೂ, ಒಳಗಿನ ಮರದ ಹಲಗೆ ಈಗಲೋ ಆಗಲೋ ಕಾಣಿಸಿಬಿಡುವಂತೆಯೂ ಅನಿಸುತ್ತಿತ್ತು.

ಬಬಲೇಶ್ವರದ ಮನೆಯಲ್ಲಿ ರಹಿಮಾಬಿಯ ತಂಗಿ ಜೀನತ ಪಡಸಾಲೆಯಲ್ಲಿ ಕುಳಿತು ಚಪಾತಿಗೆ ಹಿಟ್ಟು ನಾದುತ್ತಿದ್ದಳು. ತವರಿನಲ್ಲೇ ನೆಲೆ ನಿಂತ ಗಟ್ಟಿ ದನಿಯ ಹೆಂಗಸು. ಅಕ್ಕನ ಸ್ಥಿತಿಯನ್ನು ವಾರದ ಹಿಂದೆ ಬಂದು ನೋಡಿ ಅತ್ತು ಹೋಗಿದ್ದಳು. ಆಗ ಅಕ್ಕ ನಿದ್ದೆಯ ಮಂಪರಿನಲ್ಲಿದ್ದುದರಿಂದ ಈ ಶಬ್ದದ ವಿಷಯ ಅವಳಿಗೆ ಗೊತ್ತಿರಲಿಲ್ಲ.

"ಪಾರಚಾ ಬೇಡಾಕತ್ತಾಳು," ಎಂದ ಅಬ್ದುಲಸಮದ. "ಪ್ಯಾಟ್ಯಾಗಿಂದ ತಂದ್ನಿ, ಒಲ್ಲೆ ಅಂದ್ಳು. ನಿಮ್ಮ ಮನಿ ರುಚಿ ಬೇಕಾಗಿರಬೇಕು. ನೀ ಒಂದೀಟು ಮಾಡಿಕೊಡು, ಜೀನತ. ನಾಳಿ ಮುಂಜಾನೆ ನಳಿಗಿ ಹಾಕ್ತಾರು."

ಜೀನತ ಹಿಟ್ಟು ಬಿಟ್ಟು ಅಕ್ಕನ ಗಂಡನತ್ತ ತಿರುಗಿದಳು.

"ದುಲಾಭಾಯಿ, ಅಕಿ ಬಾಯಿಗಿ ಪಾರಚಾ ಹಿಡದ್ರಿ?"

"ಹೂಂ."

"ಅಕ್ಕ ಹುಟ್ಟಿದಾಗಿಂದ ಪಾರಚಾ ತಿಂದಾಕಿ ಅಲ್ಲ! ಅದರ ನಾತಕ್ಕ ಮೂಗು ಮುಚ್ಕೋತಿದ್ಳು. ಇಷ್ಟು ವರ್ಷ ಸಂಸಾರ ಮಾಡೀರಿ, ನಿಮ್ಮ ಮನ್ಯಾಗ ಒಂದಿನರ ಮಾಡ್ಯಾಳೇನು?"

"ಇಲ್ಲ."

"ಮತ್ತ?"

ಅಬ್ದುಲಸಮದ ಕಂಬಕ್ಕೆ ಒರಗಿದ. ಹಾಗಾದರೆ ಮಗ ಹೇಳಿದ್ದೇ ನಿಜವಿರಬಹುದು. ಅರ್ಥವಿಲ್ಲದ ಒಂದು ಸದ್ದಿನ ಬೆನ್ನು ಹತ್ತಿ ಅವನು ಮೂರು ಊರು ಸುತ್ತಿದ್ದ, ಅಷ್ಟೆ.

"ತಿನ್ನದಾಕಿಗಿ ಆ ಹೆಸರರ ಯಾಕ ಉಳೀತು?" ಎಂದ, ತನಗೇ ಎಂಬಂತೆ.

"ತಿಂತಿರಲಿಲ್ಲ. ಹಿಡೀತಿದ್ಳು," ಎಂದಳು ಜೀನತ. "ಬಕ್ರೀದಿಗೆ ನಮ್ಮವ್ವ ಕೊಯ್ಯಾಕಿ, ಅಕ್ಕ ಹಿಡಿಯಾಕಿ. ನಾ ಹಿಡೀತೇನಿ ಅಂತ ಅತ್ತರೂ ಕೊಡ್ತಿರಲಿಲ್ಲ. ಅಕ್ಕ ಮದಿವ್ಯಾಗಿ ನಿಮ್ಮ ಊರಿಗಿ ಬಂದ ಮ್ಯಾಲ ಅವ್ವ ಪಾರಚಾ ಮಾಡೂದ ಬಿಟ್ಟಳು."

"ಹಿಡಿಯೂದಂದ್ರ?"

ಜೀನತ ಅವನನ್ನು ಒಮ್ಮೆ ನೋಡಿ, ಎದುರಿಗೆ ಚಾಪೆ ಎಳೆದಳು. ನಾದಿದ ಹಿಟ್ಟಿನಿಂದ ದೊಡ್ಡ ಮುದ್ದೆ ಕಿತ್ತು ಹಲಗೆಯ ಮೇಲಿಟ್ಟು, ಅವನ ಕೈಗೆ ಚೂರಿ ಕೊಟ್ಟಳು.

"ನೀವು ಅವ್ವ. ನಾ ಅಕ್ಕ. ಮ್ಯಾಲಿಂದ ತೆಳ್ಳಗ ಕೊಯ್ಕೊಂತ ಬರ್ರಿ."

ಅವನು ಕೊಯ್ದ. ಚೂರಿ ಮುದ್ದೆಯ ಆಚೆ ಬದಿಯಿಂದ ಹೊರಬಂತು. ತೆಳ್ಳನೆಯ ಬಿಲ್ಲೆಯೊಂದು ಬಿಡಿಯಾಗಿ ಹಲಗೆಗೆ ಬಿತ್ತು.

"ಹೋತು! ಅರಿವಿ ಅಂಗಡಿ ಕೈ ನಿಮ್ದು, ಹರದ ಬಿಡ್ತದ. ಅಂಚಿಗಿ ನಿಲ್ಲಸ್ರಿ. ಒಂದು ಕಾಳಿನಷ್ಟು ಉಳದಾಗ ನಿಲ್ಲಿಸಬೇಕು. ಅದನ್ನ ನಾ ಬಿಚ್ಚಿ ಎಳೀತೇನಿ. ಮುದ್ದಿ ತಿರುವಿ, ಈಚಿಂದ ಕೊಯ್ರಿ. ಮತ್ತ ನಿಲ್ಲಸ್ರಿ. ಮತ್ತ ತಿರುವ್ರಿ."

ಎರಡನೆಯದೂ ಹರಿಯಿತು. ಮೂರನೆಯದು ನಿಂತಿತು. ಜೀನತ ಕೊಯ್ದ ಪದರವನ್ನು ಬಿಚ್ಚಿ ಮೆಲ್ಲಗೆ ಎಳೆದು ಹಿಡಿದಳು; ಆ ಬಿಗಿತದಲ್ಲಿ ಚೂರಿಗೆ ದಾರಿ ತಾನಾಗಿ ಕಾಣಿಸಿತು. ಬೇರೆಯಾಗದ ಪದರಗಳು ಒಂದರ ಬಾಲಕ್ಕೊಂದು ಬಿಚ್ಚಿಕೊಂಡು, ಗುಂಡಗಿದ್ದ ಮುದ್ದೆ ನಿಧಾನವಾಗಿ ಉದ್ದನೆಯ ಪಟ್ಟಿಯಾಗತೊಡಗಿತು. ಅದರ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನಲ್ಲಿ. ಒಗೆದ ಸೀರೆಯನ್ನು ಇಬ್ಬರು ಹಿಡಿದು ಮಡಚಲು ನಿಂತಂತೆ.

"ನಮ್ಮವ್ವ ಅಂತಿದ್ಳು," ಎಂದಳು ಜೀನತ, "ಒಬ್ಬರು ಹಿಡಿದ್ರ ಖಂಡ, ಇಬ್ಬರು ಹಿಡಿದ್ರ ಪಾರಚಾ. ಕೊಯ್ಯಾಕಿದು ಏನೂ ಇಲ್ಲ, ಹಿಡಿಯಾಕಿಂದ ಎಲ್ಲಾ. ಅಕ್ಕ ಹಿಡಿದ್ರ ಒಣ ಹಾಕೂಮುಂದ ಕಂಬದಿಂದ ಕಂಬಕ್ಕ ಹಗ್ಗದ ಮ್ಯಾಲ ಒಂದ ಪಟ್ಟಿ ಹೋಗ್ತಿತ್ತು ನೋಡ್ರಿ."

ಅಬ್ದುಲಸಮದ ಜೀನತಳ ಎಡಗೈ ನೋಡುತ್ತಿದ್ದ. ಎರಡು ಬೆರಳಿನಲ್ಲಿ ಅಂಚು ಹಿಡಿಯುವುದು, ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಹದಿನೈದು ದಿನಗಳಿಂದ ಅವನು ಮಂಚದ ಪಕ್ಕ ಕುಳಿತು ರಹಿಮಾಬಿಯ ಕೈಯಲ್ಲಿ ಅದನ್ನೇ ನೋಡಿದ್ದ, ನರದ ದೋಷವೆಂದುಕೊಂಡಿದ್ದ. ಅತ್ತೆ ದಣಿದಾಳೆಂಬ ಪ್ರೀತಿಯಿಂದ ಕೈನಾತ ಅವಳ ಕೈಗೆ ನೀರಿನ ಲೋಟವನ್ನೂ ಕೊಡುತ್ತಿರಲಿಲ್ಲ. ತಿನಿಸುವುದು, ಒರೆಸುವುದು, ಹೊದಿಸುವುದು, ಎಲ್ಲ ಬೇರೆಯವರ ಕೈಗಳೇ. ತಟ್ಟೆ ಕಂಡಾಗಲೆಲ್ಲ ಅವಳು ಕೇಳಿದ್ದು ತಟ್ಟೆಯೊಳಗೆ ಇನ್ನೇನೋ ಬೇಕೆಂದಲ್ಲ.

ಅವನು ಎದ್ದುನಿಂತ.

"ಎಲ್ಲಿಗಿ? ಚಾ ಕುಡೀರಿ. ದುಲಾಭಾಯಿ, ಆಸೆ ಇಟ್ಕೋಬ್ಯಾಡ್ರಿ. ಅಕಿ ಏನ್ ಅನ್ನಾಕತ್ತಾಳು ಅಕಿಗರ ಗೊತ್ತೈತೋ ಇಲ್ಲೋ."

"ಆಡಿನ ತೊಡಿ ಎಲ್ಲಿ ಸಿಗ್ತೈತಿ ಈಗ? ಎಲುಬು ತಗದದ್ದು."

ಜೋರಾಪುರ ಪೇಠೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅವನು ನಡುಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ತಗ್ಗು ಮಣೆಯಿಟ್ಟು, ಮಣೆಯ ಮೇಲೆ ಹಲಗೆಯಿಟ್ಟ. ಚೂರಿಯನ್ನು ಕಲ್ಲಿಗೆ ತಿಕ್ಕಿದ. ಕೈನಾತ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವ್ವನ್ನ ಕುರ್ಚಿಗಿ ತಂದು ಕುಂದರಸು."

"ಮಾಮಾ, ಇದೇನು? ಅಮ್ಮೀಜಾನ್‌ಗೆ ನಾತಾ ತಡ್ಯಾಕ ಆಗೂದಿಲ್ಲ..."

"ತಡೀತಾಳು. ತಂದು ಕುಂದರಸು."

ಅಷ್ಟರಲ್ಲಿ ಅಶ್ಫಾಕ ಒಳಬಂದ. ಹಲಗೆ, ಚೂರಿ, ಕೆಂಪು ಮಾಂಸದ ಮುದ್ದೆ, ಅಂಗಿಯ ತೋಳು ಮಡಚಿದ ಅಪ್ಪ. ಅವನಿಗೆ ಒಮ್ಮೆಲೆ ಸಿಟ್ಟು ಬಂತು.

"ಅಬ್ಬಾ, ನಿಮಗ ತಲಿ ಕೆಟ್ಟೈತೇನು? ನಾಳಿ ಡಾಕ್ಟರ ಬರಾಂವ ಅದಾನ, ನೀವು ಮನೀನ ಕಸಾಬಖಾನಿ ಮಾಡೀರಿ! ಅಕಿಗಿ ಅಗಿಯಾಕ ಬರ್ತೈತೇನು ಇದನ್ನ?"

"ಅಗಿಯೂದಲ್ಲ."

"ಮತ್ತೇನು?"

"ಹಿಡಿಯೂದು."

ಅಶ್ಫಾಕ ಕೈಚೆಲ್ಲಿದ. ಆದರೂ ತಾಯಿಯನ್ನು ಎತ್ತಿ ತಂದವನು ಅವನೇ. ಗಾಲಿ ಕುರ್ಚಿಯಲ್ಲಿ ಕೂರಿಸಿ, ಬಲಗೈಯನ್ನು ಮಡಿಲಲ್ಲಿಟ್ಟು, ಬೆನ್ನಿಗೆ ದಿಂಬು ಕೊಟ್ಟ. ರಹಿಮಾಬಿಯ ಕಣ್ಣು ಹಲಗೆಯ ಮೇಲೆ ನಿಂತಿತು. ಮೂಗು ಸುಕ್ಕಾಯಿತು. ಕೈನಾತ ಮುಂದೆ ಬರಹೋದಳು. ಅಬ್ದುಲಸಮದ ಬೇಡವೆಂದು ತಲೆಯಾಡಿಸಿ, ಮಾಂಸದ ಮುದ್ದೆಗೆ ಚೂರಿ ತಾಗಿಸಿದ.

 ಜೀನತ ಹೇಳಿದ್ದೆಲ್ಲ ನೆನಪಿತ್ತು, ಆದರೆ ನಲವತ್ತು ವರ್ಷದ ಅಭ್ಯಾಸ ನೆನಪಿಗಿಂತ ಮುಂದೆ ಓಡಿತು. ಕತ್ತರಿಯ ಮೂತಿ ಅಂಚಿಗೆ ತಾಗಿಸಿ ಜರ್ರನೆ ಹರಿದು ಬೇರೆ ಮಾಡುವುದೇ ಅವನ ಕೈಗೆ ಗೊತ್ತಿದ್ದ ಕೆಲಸ. ಚೂರಿ ಆಚೆ ದಾಟಿತು. ತುಂಡು ಬಿಡಿಯಾಗಿ ಬಿತ್ತು.

"ಹ್ಞೂಂ!" ಎಂಬ ಸದ್ದು ಬಂತು ಕುರ್ಚಿಯಿಂದ. ಅದು ಅಳುವಲ್ಲ, ನರಳಿಕೆಯಲ್ಲ. ಕೆಲಸ ಕೆಡಿಸಿದವನ ಮೇಲೆ ಬರುವ ಸದ್ದು.

ಮೂವರೂ ತಲೆಯೆತ್ತಿದರು. ರಹಿಮಾಬಿ ಎಡಗೈ ಚಾಚಿದ್ದಳು. ಎರಡು ಬೆರಳು ತೆರೆದು ಕಾಯುತ್ತಿದ್ದವು.

ಅಬ್ದುಲಸಮದ ಮತ್ತೆ ಚೂರಿ ಇಳಿಸಿದ. ಈ ಸಲ ಅಂಚು ಸಮೀಪಿಸಿದಾಗ ಉಸಿರನ್ನೂ ನಿಲ್ಲಿಸಿದ. ಚೂರಿ ನಿಂತಿತು. ಕೊಯ್ದ ಪದರದ ತುದಿಯನ್ನು ಬಿಚ್ಚಿ ಅವಳ ಬೆರಳಿನ ಹತ್ತಿರ ತಂದ. ಆ ಬೆರಳುಗಳು ಹಿಡಿದವು. ಎಳೆದವು. ಮೊದಲ ಎಳೆತಕ್ಕೆ ಮುದ್ದೆಯೇ ಅವಳತ್ತ ಜಾರಿತು. ಬಿಟ್ಟಳು, ಮತ್ತೆ ಎಳೆದಳು, ಈಗ ಹದವಾಗಿ. ಪದರ ಬಿಗಿಯಿತು. ಅವನು ಮುದ್ದೆ ತಿರುವಿ ಈಚೆಯಿಂದ ಕೊಯ್ದ. ಅವಸರವಾಯಿತೇನೋ, ಅವಳ ಕೈ ಪಟ್ಟಿಯನ್ನು ಫಕ್ಕನೆ ಸಡಿಲಿಸಿತು, ಚೂರಿಗೆ ಹಾದಿ ತಪ್ಪಿತು, ತಾನಾಗಿ ನಿಂತಿತು. ನಿಲ್ಲಿಸಿದವಳು ಅವಳು. ಅವನಿಗೆ ಅರ್ಥವಾಯಿತು. ಮತ್ತೆ ಎಳೆದಳು. ಹೊರಡು ಎಂದಂತೆ.

ಹೀಗೆ ಎಷ್ಟು ಹೊತ್ತು ನಡೆಯಿತೋ. ಪಟ್ಟಿ ಚೆಂದವಾಗಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೂತು. ಮೂರು ಸಲ ಹರಿಯಿತು. ಹರಿದಾಗಲೆಲ್ಲ ಕುರ್ಚಿಯಿಂದ ಅದೇ ಸದ್ದು, ಮತ್ತು ಮೂರನೆಯ ಸಲ ಅದರ ಬೆನ್ನಿಗೆ, ಒದ್ದೆ ಗೋಣಿಯೊಳಗಿನಿಂದ ಎಂಬಂತೆ, ಬೇರೊಂದು ಶಬ್ದ.

"ಹಗೂರ."

ಕೈನಾತಳ ಕೈ ಬಾಯಿಗೆ ಹೋಯಿತು. ಅಶ್ಫಾಕ ಹಲಗೆಯ ಹತ್ತಿರ ಬಂದು ನೆಲಕ್ಕೆ ಕೂತ. ಅಬ್ದುಲಸಮದ ತಲೆಯೆತ್ತಲಿಲ್ಲ, ಎತ್ತಿದರೆ ಚೂರಿ ತಪ್ಪುತ್ತಿತ್ತು.

"ಹಗೂರನ ಕೊಯ್ಯಾಕತ್ತೇನಿ," ಎಂದ. "ಬೈಬ್ಯಾಡ."

ಸಂಜೆಯ ಮಗ್ರಿಬಿನ ಅಜಾನ್ ಕೇಳಿಸಿ ಮುಗಿಯಿತು. ರಹಿಮಾಬಿಯ ಹಣೆಯಲ್ಲಿ ಬೆವರು ಮೂಡಿತ್ತು. ಬೆರಳುಗಳು ಕೆಂಪಾಗಿದ್ದವು. ಇದ್ದಕ್ಕಿದ್ದಂತೆ ಅವಳು ಪಟ್ಟಿಯ ತುದಿಯನ್ನು ಹಲಗೆಯ ಮೇಲೆ ಬಿಟ್ಟು, ಕಿಟಕಿಯ ಕಟ್ಟೆಯತ್ತ ನೋಡಿದಳು. ಅಲ್ಲಿ ಮಧ್ಯಾಹ್ನ ಅವಳು ಒಲ್ಲೆನೆಂದ ಅಂಬಲಿಯ ಬಟ್ಟಲು ಮುಚ್ಚಿಟ್ಟಿತ್ತು. ಕೈನಾತ ಓಡಿಹೋಗಿ ತಂದಳು. ಸೆರಗಿನಿಂದ ಅತ್ತೆಯ ಕೈಯೊರೆಸಿದಳು. ಅಭ್ಯಾಸಬಲದಿಂದ ಚಮಚ ತುಂಬಿಸಿ ತುಟಿಗೆ ಹಿಡಿದಳು.

ರಹಿಮಾಬಿ ಮುಖ ಹೊರಳಿಸಿದಳು.

"ಬಟ್ಟಲಾ ಕೊಡು," ಎಂದ ಅಬ್ದುಲಸಮದ. "ಕೈಯಾಗ ಕೊಡು ಅಕಿಗಿ."

"ಚೆಲ್ಕೋತಾರ್ರಿ..."

"ಚೆಲ್ಲಲಿ."

ಎಡಗೈ ಬಟ್ಟಲಿನ ಅಂಚು ಹಿಡಿಯಿತು, ನಡುಗಿತು, ಗಲ್ಲದ ತನಕ ಏರಿತು. ಅರ್ಧ ಅಂಬಲಿ ಕುತ್ತಿಗೆಗೆ, ಎದೆಗೆ ಇಳಿಯಿತು. ಉಳಿದರ್ಧ ಒಳಗೆ ಹೋಯಿತು. ಗಂಟಲು ಏರಿ ಇಳಿಯುವುದು ಮೂವರಿಗೂ ಕಂಡಿತು. ಇನ್ನೊಮ್ಮೆ. ಇನ್ನೊಮ್ಮೆ. ಅಶ್ಫಾಕ ಫೋನು ಹೊರತೆಗೆದು ಡಾಕ್ಟರರ ಹೆಸರು ಒತ್ತಿದ. ಆ ಕಡೆಯಿಂದ "ಹಲೋ" ಎಂದಾಗ ಏನು ಹೇಳಬೇಕೆಂದು ತಿಳಿಯದೆ, "ಸಾಹೇಬ್ರ, ನಾಳಿ ನಳಿಗಿ ತರಬ್ಯಾಡ್ರಿ. ಸುಮ್ನ ಬಂದು ನೋಡಿ ಹೋಗ್ರಿ," ಎಂದ.

ಅಬ್ದುಲಸಮದ ಚೂರಿ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ. ಎಷ್ಟೋ ದಿನಗಳ ಮೇಲೆ ಕುಳಿತಲ್ಲೇ ಕುಳಿತಿರಬೇಕು ಎನಿಸಿತು. ಆದರೆ ಹಲಗೆಯ ಮೇಲೆ ಮುದ್ದೆ ಇನ್ನೂ ಅರ್ಧ ಉಳಿದಿತ್ತು, ಮತ್ತು ರಹಿಮಾಬಿ ಖಾಲಿ ಬಟ್ಟಲನ್ನು ಸೊಸೆಯ ಕೈಗೆ ತುರುಕಿ, ಪಟ್ಟಿಯ ತುದಿಯನ್ನು ಮತ್ತೆ ಎತ್ತಿಕೊಂಡು, ಅವನು ಚೂರಿ ಹಿಡಿಯುವುದನ್ನೇ ಕಾಯುತ್ತ ಒಮ್ಮೆ ಬಿಗಿಯಾಗಿ ಎಳೆದಳು.